ಧ್ಯಾನವನ್ನು ಅಳೆದ ವೈದ್ಯ

ಪರೀಕ್ಷಾ ಮಂದಿರದಲ್ಲಿ ಕುಳಿತು, ಪ್ರಶ್ನಪತ್ರಿಕೆ ಕೈಗೆ ಬರುವುದನ್ನು ಕಾಯುವ ಎರಡು ನಿಮಿಷಗಳ ಅನುಭವ ವಿದ್ಯಾರ್ಥಿಗಳಾದ ನಮ್ಮ ವಾಚಕರಿಗೆ ಹೊಸದಲ್ಲ. ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ತಣ್ಣಗಾಗಿ ಬೆವರುತ್ತದೆ. ಎದುರಿಗೆ ಹುಲಿಯೇನೂ ಇಲ್ಲ, ಇರುವುದು ಒಂದು ಮೇಜು ಮಾತ್ರ. ಆದರೂ ದೇಹವು ಹುಲಿಯನ್ನು ಕಂಡಂತೆಯೇ ಸಿದ್ಧವಾಗಿ ನಿಲ್ಲುತ್ತದೆ.

ಈ ಸಿದ್ಧತೆಯ ಕ್ರಮವನ್ನು ಬಿಡಿಸಿ ತೋರಿಸಿದವರು ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಶರೀರಕ್ರಿಯಾಶಾಸ್ತ್ರಜ್ಞ ವಾಲ್ಟರ್ ಕ್ಯಾನನ್. ಭಯ, ಕ್ರೋಧಗಳ ಸಮಯದಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ವಸ್ತುವನ್ನು ರಕ್ತಕ್ಕೆ ಸೇರಿಸುತ್ತವೆ. ಅದರಿಂದ ಹೃದಯದ ಬಡಿತ ಹೆಚ್ಚುತ್ತದೆ, ರಕ್ತದಲ್ಲಿ ಸಕ್ಕರೆಯ ಅಂಶ ಏರುತ್ತದೆ, ಜೀರ್ಣಾಂಗಗಳ ಕೆಲಸ ಹಿಂದೆ ಬೀಳುತ್ತದೆ. 1915ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಕ್ಯಾನನ್ ಇದನ್ನೆಲ್ಲ ವಿವರಿಸಿದರು. ಕಾದಾಡು ಇಲ್ಲವೆ ಕಾಲ್ತೆಗೆ ಎಂದು ದೇಹಕ್ಕೆ ಹೊರಡುವ ಆಜ್ಞೆ ಇದು. ಕಾದಾಡಲೂ ಓಡಲೂ ಅವಕಾಶವಿಲ್ಲದೆ ಕುರ್ಚಿಯಲ್ಲಿಯೇ ಕುಳಿತಿರಬೇಕಾದವನಲ್ಲಿ ಈ ಆಜ್ಞೆ ದಿನಕ್ಕೆ ಹತ್ತು ಸಲ ಹೊರಟರೆ ಗತಿಯೇನು?

ಈ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಮುಖ್ಯರಾದವರು ಅದೇ ಹಾರ್ವರ್ಡಿನ ಹೃದಯರೋಗತಜ್ಞ ಹರ್ಬರ್ಟ್ ಬೆನ್ಸನ್ (1935–2022). 1960ರ ದಶಕದ ಕೊನೆಯಲ್ಲಿ ಅವರು ಸಣ್ಣ ಜಾತಿಯ ಕಪಿಗಳಿಗೆ ತರಬೇತಿ ಕೊಟ್ಟು, ಅವು ತಮ್ಮ ರಕ್ತದೊತ್ತಡವನ್ನು ಏರಿಸಿಕೊಳ್ಳುವಂತೆ ಮಾಡಬಹುದೆಂದು ತೋರಿಸುವುದರಲ್ಲಿ ನಿರತರಾಗಿದ್ದರು. ಆಗ ಮಹರ್ಷಿ ಮಹೇಶ ಯೋಗಿಗಳ ಭಾವಾತೀತ ಧ್ಯಾನವನ್ನು ಅಭ್ಯಾಸಮಾಡುತ್ತಿದ್ದ ಕೆಲವರು ಬಂದು, ಕಪಿಗಳನ್ನೇಕೆ, ನಮ್ಮನ್ನೇ ಪರೀಕ್ಷಿಸಿರಿ ಎಂದು ಕೇಳಿಕೊಂಡರು. ಬೆನ್ಸನ್ನರು ಮೊದಲು ಒಪ್ಪಲಿಲ್ಲ. ಪ್ರಯೋಗಶಾಲೆಗೆ ಧ್ಯಾನವನ್ನು ಕರೆತಂದರೆ ವೈದ್ಯಬಂಧುಗಳು ನಕ್ಕಾರೆಂಬ ಅಂಜಿಕೆ ಆ ಕಾಲದಲ್ಲಿ ಸಹಜವೇ. ಆದರೆ ಬಂದವರು ಪಟ್ಟು ಬಿಡಲಿಲ್ಲ. ಅದೇ ವಿಷಯದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪರಿಶೀಲನೆ ನಡೆಸಿದ್ದ ರಾಬರ್ಟ್ ಕೀತ್ ವ್ಯಾಲೇಸರೊಡನೆ ಕೂಡಿ ಬೆನ್ಸನ್ನರು 36 ಜನ ಧ್ಯಾನಿಗಳನ್ನು ಪರೀಕ್ಷಿಸಿದರು. ಫಲಿತಾಂಶಗಳು 1971 ಮತ್ತು 1972ರಲ್ಲಿ ಪ್ರಕಟವಾದುವು. (ಭಾರತದಲ್ಲಿ ಇಂತಹ ಕೆಲಸ ಇದಕ್ಕೂ ಮೊದಲೇ ನಡೆದಿತ್ತೆಂಬುದನ್ನು ಮರೆಯಬಾರದು. ದೆಹಲಿಯ ಬಿ. ಕೆ. ಆನಂದ್ ಮತ್ತು ಸಂಗಡಿಗರು ರಮಾನಂದ ಯೋಗಿಯೆಂಬವರನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂರಿಸಿ ನಡೆಸಿದ ಪರೀಕ್ಷೆಗಳ ವರದಿ 1961ರಲ್ಲಿಯೇ ಹೊರಬಂದಿತ್ತು.)

ಈಗ ಅಂಕಿಗಳನ್ನು ನೋಡೋಣ. ಧ್ಯಾನಕ್ಕೆ ಮೊದಲು ಸುಮ್ಮನೆ ಕುಳಿತಿದ್ದಾಗ ಅವರು ನಿಮಿಷಕ್ಕೆ ಸರಾಸರಿ 251 ಘನ ಸೆಂಟಿಮೀಟರ್ ಆಮ್ಲಜನಕವನ್ನು ಬಳಸುತ್ತಿದ್ದರು. ಧ್ಯಾನಕಾಲದಲ್ಲಿ ಅದು 211ಕ್ಕೆ ಇಳಿಯಿತು. ಧ್ಯಾನ ಮುಗಿದ ಮೇಲೆ ಮತ್ತೆ 242ಕ್ಕೆ ಏರಿತು. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ವಾಟುಗಳಿಗೆ ಪರಿವರ್ತಿಸಿ ನೋಡಬಹುದು. ಒಂದು ಲೀಟರ್ ಆಮ್ಲಜನಕವನ್ನು ದೇಹವು ಬಳಸಿಕೊಂಡಾಗ ಸುಮಾರು 20,000 ಜೂಲುಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಆದುದರಿಂದ 251 ಘನ ಸೆಂಟಿಮೀಟರಿಗೆ ಸುಮಾರು 5,020 ಜೂಲು. ಅದನ್ನು 60 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 84 ವಾಟ್. ಇದೇ ಲೆಕ್ಕದಿಂದ 211ಕ್ಕೆ ಸುಮಾರು 70 ವಾಟ್. ಎಂದರೆ, ಎಚ್ಚರವಾಗಿಯೇ ಕುಳಿತಿರುವ ಮನುಷ್ಯನೆಂಬ ದೀಪ 84 ವಾಟಿನಿಂದ 70 ವಾಟಿಗೆ ಇಳಿಯಿತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅವರು ಉಸಿರನ್ನು ಬಿಗಿಹಿಡಿದಿದ್ದರೆ ಆಮ್ಲಜನಕ ಕಡಮೆಯಾಗುವುದರಲ್ಲಿ ಆಶ್ಚರ್ಯವೇನು? ಇದಕ್ಕೆ ಉತ್ತರ ಇನ್ನೊಂದು ಅಳತೆಯಲ್ಲಿದೆ. ಹೊರಬಂದ ಇಂಗಾಲದ ಡೈಆಕ್ಸೈಡು ನಿಮಿಷಕ್ಕೆ 219ರಿಂದ 187 ಘನ ಸೆಂಟಿಮೀಟರಿಗೆ ಇಳಿಯಿತು. ಬಿಟ್ಟ ಅನಿಲಕ್ಕೂ ತೆಗೆದುಕೊಂಡ ಅನಿಲಕ್ಕೂ ಇರುವ ಪ್ರಮಾಣವನ್ನು ಲೆಕ್ಕಹಾಕಿದರೆ ಮೊದಲು 0.87, ಅನಂತರ 0.89, ಹೆಚ್ಚುಕಡಮೆ ಒಂದೇ. ಉಸಿರನ್ನು ಬಲವಂತವಾಗಿ ತಡೆದಿದ್ದರೆ ಈ ಪ್ರಮಾಣ ಕದಲಬೇಕಾಗಿತ್ತು. ಹಾಗಾಗಲಿಲ್ಲ. ಒಲೆಯ ಗಾಳಿಯನ್ನು ಯಾರೂ ಮುಚ್ಚಿರಲಿಲ್ಲ, ಉರಿಯೇ ತಗ್ಗಿತ್ತು. ರಕ್ತದಲ್ಲಿನ ಲ್ಯಾಕ್ಟೇಟಿನ ಅಂಶವೂ ಇಳಿದಿತ್ತು.

ಕ್ಯಾನನ್ ಹೇಳಿದ ಸಿದ್ಧತೆಗೆ ತದ್ವಿರುದ್ಧವಾದ ಒಂದು ಸ್ಥಿತಿಯೂ ದೇಹದಲ್ಲಿಯೇ ಅಡಗಿದೆಯೆಂದು ಬೆನ್ಸನ್ನರು ಇದರಿಂದ ತರ್ಕಿಸಿದರು. ಅದಕ್ಕೆ ವಿಶ್ರಾಂತಿ ಪ್ರತಿಕ್ರಿಯೆ ಎಂದು ಹೆಸರಿಟ್ಟು 1975ರಲ್ಲಿ ಅದೇ ಹೆಸರಿನ ಪುಸ್ತಕವನ್ನು ಹೊರತಂದರು. ಈ ಸ್ಥಿತಿ ಯಾವೊಂದು ಪಂಥದ ಸೊತ್ತೂ ಅಲ್ಲ ಎಂಬುದು ಅವರ ವಾದ. ಯಾವುದಾದರೊಂದು ಶಬ್ದವನ್ನು ಉಸಿರಿನೊಡನೆ ಮತ್ತೆ ಮತ್ತೆ ಹೇಳಿಕೊಳ್ಳಬೇಕು. ಬೇರೆ ಯೋಚನೆ ನುಗ್ಗಿದಾಗ ಅದರೊಡನೆ ಜಗಳವಾಡದೆ ಶಬ್ದಕ್ಕೆ ಮರಳಬೇಕು. ಅವರು ಸೂಚಿಸಿದ ಶಬ್ದವೂ ಅತಿ ಸಾಮಾನ್ಯವಾದುದು: ‘ಒಂದು’ ಎಂಬುದರ ಇಂಗ್ಲಿಷ್ ಪದ.

ಆದರೆ ನಮಗೆ ಇನ್ನೊಂದು ಸಂದೇಹ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಹಿಡಿದವರೆಲ್ಲರೂ ಶೂನ್ಯದೋಷವನ್ನು ಬಲ್ಲರು. ಧ್ಯಾನಕ್ಕೆ ಮುಂಚಿನ 251 ಎಂಬುದೇ ಇಲ್ಲಿಯ ಶೂನ್ಯಬಿಂದು. ರಕ್ತನಾಳದಲ್ಲಿ ನಳಿಕೆಯನ್ನೂ ಮೈಮೇಲೆ ತಂತಿಗಳನ್ನೂ ಹೊತ್ತು ಕುಳಿತವನ ದೇಹ ಆಗಲೇ ಸ್ವಲ್ಪ ಉದ್ವಿಗ್ನವಾಗಿದ್ದರೆ? ಧ್ಯಾನಿಯನ್ನು ಅವನ ಹಿಂದಿನ ಸ್ಥಿತಿಯೊಡನೆ ಮಾತ್ರವಲ್ಲ, ಅಷ್ಟೇ ಹೊತ್ತು ಸುಮ್ಮನೆ ವಿಶ್ರಮಿಸಿದ ಇನ್ನೊಬ್ಬನೊಡನೆಯೂ ಹೋಲಿಸಬೇಕು. ಡೇವಿಡ್ ಹೋಮ್ಸ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ಇಂತಹ ಹೋಲಿಕೆಗಳನ್ನೆಲ್ಲ ಕಲೆಹಾಕಿ, ದೇಹದ ಉದ್ವೇಗವನ್ನು ತಗ್ಗಿಸುವುದರಲ್ಲಿ ಧ್ಯಾನವು ಬರಿಯ ವಿಶ್ರಾಂತಿಯನ್ನು ಮೀರಿಸಿದುದಕ್ಕೆ ಆಧಾರವಿಲ್ಲವೆಂದರು. ಇದರಿಂದ ಧ್ಯಾನ ವ್ಯರ್ಥವೆಂದಾಗುವುದಿಲ್ಲ. ವಿಶ್ರಾಂತಿಯನ್ನು ನಾವು ಅಗ್ಗವೆಂದು ಬಗೆದಿದ್ದೇವೆಯೋ ಏನೋ!

ಬೆನ್ಸನ್ನರು ಅಲ್ಲಿಗೇ ನಿಲ್ಲಲಿಲ್ಲ. ಹಿಮಾಲಯದಲ್ಲಿ ಟಿಬೆಟ್ಟಿನ ಬೌದ್ಧ ಭಿಕ್ಷುಗಳು ತುಮ್ಮೊ ಎಂಬ ಸಾಧನೆಯಿಂದ ಬೆರಳುಗಳ ಉಷ್ಣತೆಯನ್ನು 8.3 ಡಿಗ್ರಿ ಸೆಂಟಿಗ್ರೇಡಿನವರೆಗೂ ಏರಿಸಿದುದನ್ನು ಅವರ ತಂಡ 1982ರಲ್ಲಿ ವರದಿಮಾಡಿತು. ನಮಗೆ ಇದಕ್ಕಿಂತಲೂ ಹಿರಿದಾಗಿ ತೋರುವುದು 2006ರಲ್ಲಿ ಅವರ ಮುಂದಾಳುತನದಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ. ಪರರು ಸಲ್ಲಿಸುವ ಪ್ರಾರ್ಥನೆಯಿಂದ ಹೃದಯದ ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಗುಣವುಂಟೇ ಎಂಬುದು ಅದರ ಪ್ರಶ್ನೆ. ಪರೀಕ್ಷೆಗೊಳಗಾದವರು 1,802 ಜನ. ಪ್ರಾರ್ಥನೆ ನಡೆಯಿತೋ ಇಲ್ಲವೋ ಎಂದು ತಿಳಿಯದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ ಶೇಕಡಾ 52 ಮಂದಿಗೂ ಪಡೆಯದವರ ಪೈಕಿ ಶೇಕಡಾ 51 ಮಂದಿಗೂ ತೊಡಕುಗಳುಂಟಾದುವು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದವರಲ್ಲಿ ಈ ಸಂಖ್ಯೆ ಶೇಕಡಾ 59! ಶ್ರದ್ಧೆಯು ದೇಹಕ್ಕೆ ಹಿತವೆಂದು ಬರೆಯುತ್ತಿದ್ದ ವೈದ್ಯರು, ತಮಗೆ ಅನುಕೂಲವಲ್ಲದ ಈ ಅಂಕಿಗಳನ್ನು ಬಚ್ಚಿಡದೆ ಅಚ್ಚಿಗೆ ಕೊಟ್ಟರು.

ವಾಚಕರು ತಾವೂ ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದುಕೊಳ್ಳಿರಿ. ಹತ್ತು ನಿಮಿಷ ಮೇಲೆ ಹೇಳಿದಂತೆ ಕುಳಿತು, ಮತ್ತೆ ಎಣಿಸಿರಿ. ಮರುದಿನ ಅದೇ ಹೊತ್ತಿನಲ್ಲಿ, ಅದೇ ಕುರ್ಚಿಯಲ್ಲಿ, ಹತ್ತು ನಿಮಿಷ ಕಿಟಕಿಯಾಚೆಗೆ ನೋಡುತ್ತ ಸುಮ್ಮನೆ ಕುಳಿತು ಎಣಿಸಿರಿ. ಹೀಗೆ ಹದಿನಾಲ್ಕು ದಿನ ನಡೆದ ಮೇಲೆ ಎರಡೂ ಬಗೆಯ ದಿನಗಳ ಸರಾಸರಿಯನ್ನು ಬೇರೆ ಬೇರೆಯಾಗಿ ತೆಗೆಯಿರಿ. ಒಂದು ದಿನದ ಅಂಕಿ ನಿಮಗೆ ಹಿಡಿಸಲಿಲ್ಲವೆಂದು ಅದನ್ನು ಹೊಡೆದುಹಾಕಕೂಡದು.