ತೇಲುವ ಕಟ್ಟಿಗೆ ತಳ ಸೇರಲಿ

ಮೀನಿನ ತೊಟ್ಟಿಯಲ್ಲಿ ಸೊಟ್ಟಪಟ್ಟೆಯಾದ ಒಂದು ಬೇರಿನ ತುಂಡಿದ್ದರೆ ಅದರ ಕಳೆಯೇ ಬೇರೆ. ಮೀನಿಗೆ ಅಡಗಲು ಮರೆ ಸಿಗುತ್ತದೆ, ನೀರುಗಿಡಗಳಿಗೆ ಬೇರೂರಲು ಆಸರೆಯಾಗುತ್ತದೆ. ಆದರೆ ತಂದ ದಿನವೇ ಹಾಕಿದರೆ ಕಟ್ಟಿಗೆ ನಿಲ್ಲುವುದಿಲ್ಲ. ಕಡಗಂಚಿಯ ನಮ್ಮ ಮನೆಯ ಎರಡಡಿ ತೊಟ್ಟಿಯಲ್ಲಿ ರಾತ್ರಿ ಕಲ್ಲು ಹೇರಿ ಇಟ್ಟದ್ದು ಬೆಳಗಾಗುವಷ್ಟರಲ್ಲಿ ಮೇಲೆ ತೇಲುತ್ತಿತ್ತು. ನೆಟ್ಟ ಗಿಡಗಳೂ ಕಿತ್ತು ಬಂದಿದ್ದವು. ಆಗ ತಪ್ಪಾದದ್ದು ಅವಸರದಿಂದ.

ಮರದ ನಾರು ನಿಜಕ್ಕೂ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನಾರಿನ ನಡುವಿನ ಸಣ್ಣ ಕೊಳವೆಗಳಲ್ಲಿ ಗಾಳಿ ತುಂಬಿರುವುದರಿಂದ ಒಣ ಕಟ್ಟಿಗೆ ತೇಲುತ್ತದೆ. ಆ ಗಾಳಿ ಹೊರಟು ನೀರು ಒಳಹೊಕ್ಕರೆ ಅದು ತಾನಾಗಿ ಮುಳುಗುತ್ತದೆ. ಮುಂದಿನ ಹಂತಗಳೆಲ್ಲ ಇದಕ್ಕಾಗಿಯೇ.

1. ಸರಿಯಾದ ಕಟ್ಟಿಗೆ ಆರಿಸಿ

ಮಳೆಗಾಲ ಮುಗಿದು ನೀರು ಇಳಿದಾಗ ಅಫಜಲಪುರ, ಜೇವರ್ಗಿ ಕಡೆಯ ಭೀಮಾ ದಂಡೆಯಲ್ಲಿ, ಆಳಂದದ ಅಮರ್ಜಾ ಜಲಾಶಯದ ಅಂಚಿನಲ್ಲಿ ಬೇರು, ಕೊರಡುಗಳು ಸಿಗುತ್ತವೆ. ಹುಣಸೆ, ಕರಿಜಾಲಿ, ಪೇರಲದಂಥ ಗಟ್ಟಿ ಕಟ್ಟಿಗೆ ಒಳ್ಳೆಯದು. ಪೂರ್ತಿ ಒಣಗಿರಬೇಕು, ಉಗುರಿನಿಂದ ಒತ್ತಿದರೆ ತಗ್ಗು ಬೀಳಬಾರದು. ನುಗ್ಗೆಯಂಥ ಮೆತ್ತನೆಯ ಮರ ಬೇಗ ಕೊಳೆಯುತ್ತದೆ. ಹಾಲು ಸುರಿಸುವ ಕಳ್ಳಿ ಮೀನಿಗೆ ವಿಷ. ಬೇವು, ಹೊಂಗೆಗಳನ್ನೂ ದೂರವಿಡಿ. ತೊಗರಿ, ಹತ್ತಿ ಹೊಲದ ಬದುವಿನಲ್ಲಿ ಬಿದ್ದ ಕಟ್ಟಿಗೆಗೆ ಕೀಟನಾಶಕ ತಾಗಿರಬಹುದು. ಅದೂ ಬೇಡ.

2. ಸಿಪ್ಪೆ ಸುಲಿದು ತಿಕ್ಕಿ

ತೊಗಟೆಯನ್ನು ಪೂರ್ತಿ ತೆಗೆಯಿರಿ. ಕರಿಜಾಲಿಯ ತೊಗಟೆಯಿಂದ ಹಿಂದೆ ತೊಗಲು ಹದ ಮಾಡುತ್ತಿದ್ದರು ಎಂದರೆ ಅದರಲ್ಲಿ ಒಗರು ಎಷ್ಟಿದೆ ಎಂದು ಊಹಿಸಬಹುದು. ಗಟ್ಟಿ ಬ್ರಷ್ ಹಿಡಿದು ಬರೀ ನೀರಲ್ಲಿ ತಿಕ್ಕಿ. ಸೋಪು, ಡಿಟರ್ಜೆಂಟ್ ಮುಟ್ಟಿಸಬೇಡಿ. ಕಟ್ಟಿಗೆ ಅದನ್ನು ಹೀರಿಕೊಂಡು ಆಮೇಲೆ ತೊಟ್ಟಿಗೆ ಬಿಡುತ್ತದೆ.

3. ಕುದಿಸಿ, ಅದೇ ನೀರಲ್ಲಿ ಆರಲು ಬಿಡಿ

ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆಯಲ್ಲಿ ಕಟ್ಟಿಗೆ ಮುಳುಗುವಷ್ಟು ನೀರು ಹಾಕಿ, ಮೇಲೊಂದು ಕಲ್ಲಿಟ್ಟು ಒಂದೆರಡು ಗಂಟೆ ಕುದಿಸಿ. ಕತ್ತರಿಸಿದ ತುದಿಗಳಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಬಿಸಿಗೆ ಹಿಗ್ಗಿದ ಗಾಳಿ ಹಾಗೆ ಹೊರಬರುತ್ತಿರುತ್ತದೆ. ಒಲೆ ಆರಿಸಿದ ಮೇಲೆ ಕಟ್ಟಿಗೆಯನ್ನು ಹೊರಗೆ ತೆಗೆಯಬೇಡಿ. ಆರುವಾಗ ಒಳಗಿನ ಹಬೆ ನೀರಾಗಿ ಜಾಗ ತೆರವಾಗುತ್ತದೆ, ಸುತ್ತಲಿನ ನೀರನ್ನು ಕಟ್ಟಿಗೆ ಒಳಗೆ ಸೇದಿಕೊಳ್ಳುತ್ತದೆ. ಬಿಸಿಯಿದ್ದಾಗಲೇ ಎತ್ತಿದರೆ ಮತ್ತೆ ಗಾಳಿ ಹೊಕ್ಕು ಅರ್ಧ ಶ್ರಮ ವ್ಯರ್ಥ. ಇಡೀ ದಿನ ಕುದಿಸಿದರೆ ನಾರು ಸಡಿಲವಾಗುತ್ತದೆ, ಅತಿ ಬೇಡ.

4. ನೆನೆಹಾಕಿ

ಪಾತ್ರೆಗೆ ಹಿಡಿಯದ ದೊಡ್ಡ ತುಂಡಿಗೆ ಡ್ರಮ್ಮು ಅಥವಾ ಟಬ್ಬೇ ಗತಿ. ಭಾರ ಹೇರಿ ಮುಳುಗಿಸಿ, ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಸಣ್ಣ ತುಂಡು ಒಂದೆರಡು ವಾರದಲ್ಲಿ, ದಪ್ಪ ಬೊಡ್ಡೆ ತಿಂಗಳು ಅಥವಾ ಇನ್ನೂ ಹೆಚ್ಚು ಕಾಲದಲ್ಲಿ ಹದಕ್ಕೆ ಬರುತ್ತದೆ. ಭಾರ ತೆಗೆದ ಮೇಲೂ ಒಂದು ಇಡೀ ದಿನ ತಳದಲ್ಲೇ ಕೂತರೆ ಮಾತ್ರ ತೊಟ್ಟಿಗೆ ಹಾಕಿ.

5. ಅವಸರವಿದ್ದರೆ ಕಲ್ಲಿಗೆ ಕಟ್ಟಿ

ಒಂದು ಕೆ.ಜಿ. ಒಣ ಗಟ್ಟಿ ಕಟ್ಟಿಗೆಯನ್ನು ಹಿಡಿದಿಡಲು ಸಾಮಾನ್ಯವಾಗಿ ಒಂದು ಕೆ.ಜಿ. ಕರಿಕಲ್ಲು ಸಾಕು. ನೈಲಾನ್ ದಾರದಿಂದ ಬಿಗಿಯಿರಿ, ಇಲ್ಲವೇ ಚಪ್ಪಟೆ ಕಲ್ಲಿಗೆ ತೂತು ಹಾಕಿ ಕೆಳಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ತಿರುಪು ಬಿಗಿದು ಮರಳಲ್ಲಿ ಹೂಳಿ. ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ. ತಾಮ್ರದ ತಂತಿ ಮೀನು, ಸಿಗಡಿಗಳಿಗೆ ಅಪಾಯ.

ಚಪ್ಪಟೆ ಕಲ್ಲು ಎಂದಾಗ ನಮ್ಮ ಕಡೆ ಮೊದಲು ಕೈಗೆ ಸಿಗುವುದು ಶಹಾಬಾದ್ ಫರಸಿ. ಅದು ಸುಣ್ಣದಕಲ್ಲು, ನೀರಿನ ಗಡಸುತನವನ್ನು ನಿಧಾನವಾಗಿ ಏರಿಸಬಲ್ಲದು. ಅನುಮಾನವಿದ್ದರೆ ಕಲ್ಲನ್ನು ಕೆರೆದು, ಉದುರಿದ ಪುಡಿಯ ಮೇಲೆ ವಿನೆಗರ್ ಹನಿಸಿ ನೋಡಿ. ನೊರೆ ಬಂದರೆ ಸುಣ್ಣವಿದೆ. ಗಡಸು ನೀರಿಗೆ ಒಗ್ಗುವ ಗಪ್ಪಿ, ಮೋಲಿ ಸಾಕಿದವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ನಿಯಾನ್ ಟೆಟ್ರಾದಂಥ ಮೆದು ನೀರಿನ ಮೀನಿದ್ದರೆ ಕರಿಕಲ್ಲೇ ಇರಲಿ.

ಕಟ್ಟಿಗೆಯನ್ನು ಎರಡು ಗಾಜಿನ ನಡುವೆ ಬಿಗಿಯಾಗಿ ಸಿಕ್ಕಿಸಿ ನಿಲ್ಲಿಸಬೇಡಿ. ನೆನೆದ ಕಟ್ಟಿಗೆ ಉಬ್ಬುತ್ತದೆ, ಗಾಜು ಒಡೆದೀತು.

6. ಬಣ್ಣ, ಬಿಳಿ ಪೊರೆಗೆ ಹೆದರಬೇಡಿ

ಮೊದಲ ವಾರಗಳಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದು ಕಟ್ಟಿಗೆಯ ಒಗರು, ಮೀನಿಗೆ ಕೇಡಿಲ್ಲ. ನೋಡಲು ಹಿಡಿಸದಿದ್ದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಹೊಸ ಕಟ್ಟಿಗೆಯ ಮೇಲೆ ಲೋಳೆಯಂಥ ಬಿಳಿ ಪೊರೆ ಬರುವುದೂ ಸಹಜ. ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಕಟ್ಟಿಗೆ ಮೆತ್ತಗಾಗಿ ಪುಡಿಯಾದರೆ ಕೂಡಲೇ ಹೊರಗೆ ತೆಗೆಯಿರಿ.

ಕೊನೆಗೆ, ತೊಟ್ಟಿ ತೊಳೆಯುವವರಿಗೆ ಒಂದು ಮಾತು. ಕಟ್ಟಿಗೆಯನ್ನು ಹೊರಗೆ ತೆಗೆದರೆ ಬಿಸಿಲಿಗಿಡಬೇಡಿ, ಬಕೆಟ್ ನೀರಲ್ಲೇ ಮುಳುಗಿಸಿಡಿ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ನಾಲ್ಕು ದಿನ ಒಣಗಿದರೆ ಮತ್ತೆ ಗಾಳಿ ತುಂಬಿಕೊಂಡು ತೇಲುತ್ತದೆ, ನೀವು ಕಾದ ವಾರಗಳನ್ನೆಲ್ಲ ಮತ್ತೆ ಕಾಯಬೇಕಾಗುತ್ತದೆ.