ಸರ್ಪಸುತ್ತಿನ ಮಾತ್ರೆ ಮತ್ತು ಹಿರಿಯರ ಮೂತ್ರಪಿಂಡ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ಅಧ್ಯಯನಕ್ಕಾಗಿ.

ಸರ್ಪಸುತ್ತಿಗೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ವೈರಾಣು ನಿರೋಧಕ ಔಷಧ ಅಸೈಕ್ಲೋವಿರ್. ಗುಳ್ಳೆ ಎದ್ದ 72 ಗಂಟೆಯೊಳಗೆ ಆರಂಭಿಸಿದರೆ ಪ್ರಯೋಜನ ಹೆಚ್ಚು. ಆದ್ದರಿಂದ ಔಷಧಕ್ಕೆ ಹೆದರಿ ಕಾಲಹರಣ ಮಾಡುವುದು ತರವಲ್ಲ.

ಆದರೆ ಇದರ ಬಹುಭಾಗ ಮೂತ್ರಪಿಂಡಗಳ ಮೂಲಕವೇ ಹೊರಹೋಗಬೇಕು. ವಯಸ್ಸಾದಂತೆ ಅವುಗಳ ಶಕ್ತಿ ಕುಗ್ಗುತ್ತದೆ. ಒಳಹರಿವು ಅಷ್ಟೇ ಇದ್ದು ಹೊರಕೊಳವೆ ಕಿರಿದಾದರೆ ನಮ್ಮ ನೀರಿನ ತೊಟ್ಟಿ ಏನಾಗುತ್ತದೆಂಬುದು ಸದಸ್ಯರಿಗೆ ತಿಳಿದದ್ದೇ. ವಯಸ್ಕರ ವಾಡಿಕೆಯ ಪ್ರಮಾಣ, ಅಂದರೆ ದಿನಕ್ಕೆ 5 ಬಾರಿ 800 ಮಿ.ಗ್ರಾಂ., ಅಂತಹ ಹಿರಿಯರ ರಕ್ತದಲ್ಲಿ ಶೇಖರವಾಗಬಹುದು. ಕರಾವಳಿಯ ಸೆಕೆಯಲ್ಲಿ ಬೆವರಿಯೂ ನೀರು ಕಡಿಮೆ ಕುಡಿಯುವವರಿಗೆ, ಉರಿ ತಾಳಲಾರದೆ ಅಂಗಡಿಯ ನೋವಿನ ಮಾತ್ರೆಯನ್ನೂ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು.

ಮೂತ್ರ ಕಡಿಮೆಯಾಗುವುದು, ಮಂಪರು, ತೊದಲು ಮಾತು, ಇಲ್ಲದ್ದು ಕಾಣುವುದು ಇದರ ಲಕ್ಷಣಗಳು. ಅರಳುಮರಳೆಂದೋ ಸರ್ಪದೋಷವೆಂದೋ ಮನೆಯವರು ದಿನ ಕಳೆಯುವುದೇ ನಿಜವಾದ ಗಂಡಾಂತರ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ.

ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆಯುಂಟು. ಕೃಶರಾದ ವೃದ್ಧರಲ್ಲಿ ಆ ಅಂಕಿ ಸರಿಯೆಂದೇ ಕಂಡರೂ ಮೂತ್ರಪಿಂಡ ದುರ್ಬಲವಾಗಿರಬಹುದಾದ್ದರಿಂದ, ವಯಸ್ಸು ಮತ್ತು ತೂಕವನ್ನು ಸೇರಿಸಿ ಲೆಕ್ಕಹಾಕಿ ವೈದ್ಯರು ಪ್ರಮಾಣವನ್ನು ನಿಗದಿಪಡಿಸುತ್ತಾರೆ. ಮೇಲಿನ ಲಕ್ಷಣಗಳು ಕಂಡಲ್ಲಿ ಮುಂದಿನ ಮಾತ್ರೆ ಕೊಡುವ ಮೊದಲೇ, ಸೇವಿಸುತ್ತಿರುವ ಎಲ್ಲ ಔಷಧಗಳ ಸಹಿತ ಹಿರಿಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಿಳಿಸುವುದು.