ತಲೆಬುರುಡೆ ದಾಟುವ ಬೆಳಕು: ಮೆದುಳಿನ ಕೆಲಸವನ್ನು ಅಳೆಯುವುದು ಹೇಗೆ?

ಕತ್ತಲ ಕೋಣೆಯಲ್ಲಿ ಟಾರ್ಚ್ ಹೊತ್ತಿಸಿ, ಅದರ ಮೇಲೆ ಬೆರಳುಗಳನ್ನು ಒತ್ತಿ ಹಿಡಿದು ನೋಡಿ. ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಟಾರ್ಚಿನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ. ನೀಲಿ, ಹಸಿರು ಬಣ್ಣಗಳನ್ನು ರಕ್ತ ಹೀರಿಕೊಳ್ಳುತ್ತದೆ. ಕೆಂಪು ಮಾತ್ರ ದಾಟಿ ಬರುತ್ತದೆ. ಕೆಂಪಿನ ಆಚೆ, ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ. ಅದೇ ಸಮೀಪ ಅವಕೆಂಪು ಬೆಳಕು. ಇದು ಚರ್ಮವನ್ನಷ್ಟೇ ಅಲ್ಲ, ತಲೆಯ ಎಲುಬನ್ನೂ ದಾಟಬಲ್ಲದು.

ಈ ಬೆಳಕಿನ ಸಹಾಯದಿಂದ, ತಲೆಯನ್ನು ತೆರೆಯದೆಯೇ ಮೆದುಳಿನ ಆಮ್ಲಜನಕದ ಸ್ಥಿತಿಯನ್ನು ತಿಳಿಯಬಹುದು ಎಂದು 1977ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ ತೋರಿಸಿದರು. 1990ರ ದಶಕದಿಂದ ಇದನ್ನು ಮೆದುಳಿನ ಚಟುವಟಿಕೆಯನ್ನು ಅಳೆಯಲು ಬಳಸಲಾಗುತ್ತಿದೆ. ಈ ವಿಧಾನದ ಚುಟುಕು ಹೆಸರು ‘ಎಫ್‌ನಿರ್ಸ್’.

ಅಳೆಯುವುದು ಏನನ್ನು?

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನಿಮಗೆ ನೆನಪಿರಬಹುದು. ಇದರ ತತ್ವವೂ ಅದೇ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತಿರುವಾಗ ಒಂದು ರೀತಿ, ಕಳೆದುಕೊಂಡಾಗ ಇನ್ನೊಂದು ರೀತಿ ಬೆಳಕನ್ನು ಹೀರುತ್ತದೆ. ಆದ್ದರಿಂದ ಎರಡು ತರಂಗಗಳ ಬೆಳಕನ್ನು ಹಾಯಿಸಿ, ಎಷ್ಟು ಹಿಂದಿರುಗಿತು ಎಂದು ಹೋಲಿಸಲಾಗುತ್ತದೆ. ಉದಾಹರಣೆಗೆ, ಒಂದು 760 ನ್ಯಾನೋಮೀಟರ್, ಇನ್ನೊಂದು 850 ನ್ಯಾನೋಮೀಟರ್.

ಮೆದುಳಿನ ಒಂದು ಭಾಗ ಕೆಲಸಕ್ಕೆ ತೊಡಗಿದಾಗ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಮನೆಗೆ ನೆಂಟರು ಬಂದಾಗ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಅಡುಗೆ ಮಾಡುವಂತೆ, ಖರ್ಚಾಗುವುದಕ್ಕಿಂತ ಹೆಚ್ಚು ಆಮ್ಲಜನಕ ಅಲ್ಲಿಗೆ ಬಂದು ಸೇರುತ್ತದೆ. ಆ ಏರಿಕೆಯನ್ನು ಯಂತ್ರ ಗುರುತಿಸುತ್ತದೆ. ರಕ್ತದ ಹರಿವು ಏರಲು ಕೆಲವು ಸೆಕೆಂಡು ಬೇಕಾಗುವುದರಿಂದ, ಯಂತ್ರಕ್ಕೂ ಈ ಸುದ್ದಿ ಸ್ವಲ್ಪ ತಡವಾಗಿಯೇ ಸಿಗುತ್ತದೆ.

ಪರೀಕ್ಷೆ ಹೇಗೆ ನಡೆಯುತ್ತದೆ?

ತಲೆಗೆ ಮೆದುವಾದ ಟೋಪಿ ಅಥವಾ ಪಟ್ಟಿಯನ್ನು ತೊಡಿಸುತ್ತಾರೆ. ಅದರಲ್ಲಿ ಬೆಳಕು ಬಿಡುವ ಬಿಂದುಗಳೂ, ಮರಳಿ ಬರುವ ಬೆಳಕನ್ನು ಹಿಡಿಯುವ ಬಿಂದುಗಳೂ ಇರುತ್ತವೆ. ದೊಡ್ಡವರಲ್ಲಿ ಇವೆರಡರ ನಡುವೆ ಸುಮಾರು 3 ಸೆಂಟಿಮೀಟರ್ ಅಂತರವಿರುತ್ತದೆ. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇಯಂತಹ ವಿಕಿರಣವೂ ಇಲ್ಲ. ಎಂಆರ್‌ಐ ಪರೀಕ್ಷೆಯಲ್ಲಿ ಸದ್ದು ಮಾಡುವ ಯಂತ್ರದೊಳಗೆ ಅಲುಗಾಡದೆ ಮಲಗಬೇಕು. ಇಲ್ಲಿ ಮಗು ತಾಯಿಯ ಮಡಿಲಲ್ಲೇ ಕುಳಿತಿರಬಹುದು.

ಮಿತಿಯೂ ಇದೆ. ಬೆಳಕು ಮೆದುಳಿನ ಹೊರಪದರಕ್ಕಷ್ಟೇ ತಲುಪುತ್ತದೆ, ಆಳದ ಭಾಗಗಳು ಕಾಣುವುದಿಲ್ಲ. ದಟ್ಟವಾದ ಕಪ್ಪು ಕೂದಲು ಬೆಳಕನ್ನು ತಡೆಯುವುದರಿಂದ ಕೂದಲನ್ನು ಸರಿಸಿ ಕೂರಿಸಬೇಕಾಗುತ್ತದೆ.

ಪುಟ್ಟ ಮಕ್ಕಳಿಂದ ತಿಳಿದದ್ದು

ಇಟಲಿಯಲ್ಲಿ ಹುಟ್ಟಿ 2ರಿಂದ 5 ದಿನಗಳಾದ ಶಿಶುಗಳಿಗೆ ಮಾತಿನ ಧ್ವನಿಮುದ್ರಣವನ್ನು ಕೇಳಿಸಲಾಯಿತು. ಬಳಿಕ ಅದೇ ಮುದ್ರಣವನ್ನು ಹಿಂದುಮುಂದಾಗಿ ಕೇಳಿಸಲಾಯಿತು. ಸರಿಯಾದ ಮಾತಿಗೆ ಮೆದುಳಿನ ಎಡಭಾಗ ಹೆಚ್ಚು ಸ್ಪಂದಿಸಿತು. ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ‘ಅದಕ್ಕೇನು ಅರ್ಥವಾಗುತ್ತೆ’ ಎಂದು ನಾವು ಸುಮ್ಮನಿರುವ ದಿನಗಳಲ್ಲೇ ಮಗು ಮಾತನ್ನು ಬೇರೆ ಸದ್ದುಗಳಿಂದ ಬೇರ್ಪಡಿಸಿ ಕೇಳುತ್ತಿರುತ್ತದೆ.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಮುಸ್ಲಿಮರೇ ಹೆಚ್ಚಿರುವ ದೇಶ. ಅಲ್ಲಿನ ಕೆನೆಬಾ ಎಂಬ ಹಳ್ಳಿಗೆ ಸಂಶೋಧಕರು ಈ ಯಂತ್ರವನ್ನು ಒಯ್ದು ಶಿಶುಗಳನ್ನು ಪರೀಕ್ಷಿಸಿದರು. ದೊಡ್ಡ ಆಸ್ಪತ್ರೆಯಿಲ್ಲದ ಕಡೆಯೂ ಇದು ಸಾಧ್ಯ ಎಂದು 2014ರ ವರದಿ ತೋರಿಸಿತು.

ನಮ್ಮ ದೇಶದಲ್ಲೂ ಉತ್ತರ ಪ್ರದೇಶದ ಶಿವಗಢದಲ್ಲಿ ಇಂತಹ ಅಧ್ಯಯನ ನಡೆದಿದೆ. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶ ನಾವೆಲ್ಲ ಯೋಚಿಸಬೇಕಾದದ್ದು. ನೋಡಿದ್ದನ್ನು ನೆನಪಿಡುವ ಕೆಲಸದಲ್ಲಿ, ತಾಯಿಯ ವಿದ್ಯಾಭ್ಯಾಸವೂ ಮನೆಯ ಆದಾಯವೂ ಕಡಿಮೆಯಿದ್ದ ಮಕ್ಕಳ ಮೆದುಳಿನ ಮುಂಭಾಗದ ಸ್ಪಂದನ ಸರಾಸರಿಯಲ್ಲಿ ಕ್ಷೀಣವಾಗಿತ್ತು. ಇದು ಮಕ್ಕಳ ತಪ್ಪಲ್ಲ, ತಾಯಂದಿರ ತಪ್ಪೂ ಅಲ್ಲ. ಒಂದೊಂದು ಮಗುವಿನ ಭವಿಷ್ಯ ಹೇಳುವ ಫಲಿತಾಂಶವೂ ಅಲ್ಲ. ಆದರೆ ಹೆಣ್ಣುಮಗಳ ಓದನ್ನು ಅರ್ಧಕ್ಕೆ ನಿಲ್ಲಿಸುವ ಮುನ್ನ ಪ್ರತಿ ಮನೆಯೂ ಇದನ್ನು ಒಮ್ಮೆ ನೆನೆಯಲಿ.

ಹೇಳಲಾರದ್ದು ಏನು?

ಈ ಬೆಳಕು ಮನಸ್ಸಿನ ಯೋಚನೆಗಳನ್ನು ಓದುವುದಿಲ್ಲ. ಅದು ಅಳೆಯುವುದು ರಕ್ತದ ಆಮ್ಲಜನಕದ ಏರಿಳಿತವನ್ನು ಮಾತ್ರ. ಮೇಲಿನ ಅಧ್ಯಯನಗಳೆಲ್ಲ ಮಕ್ಕಳ ಗುಂಪುಗಳ ಬಗ್ಗೆ ಮಾತಾಡುತ್ತವೆ. ಈ ಪರೀಕ್ಷೆಯೊಂದರಿಂದಲೇ ಒಂದು ಮಗುವಿನ ಬುದ್ಧಿಮಟ್ಟವನ್ನಾಗಲಿ, ಆಟಿಸಂ ಇದೆಯೇ ಎಂಬುದನ್ನಾಗಲಿ ನಿರ್ಧರಿಸಲಾಗದು. ಹಾಗೆಂದು ಹೇಳಿ ಯಾರಾದರೂ ಹಣ ಕೇಳಿದರೆ ಮೊದಲು ಮಕ್ಕಳ ವೈದ್ಯರನ್ನು ವಿಚಾರಿಸಿ.

ಅಳತೆ ಸಿಕ್ಕ ಮಾತ್ರಕ್ಕೆ ಲಾಭವಾಗುತ್ತದೆ ಎಂದೂ ಇಲ್ಲ. 28 ವಾರ ತುಂಬುವ ಮೊದಲೇ ಹುಟ್ಟಿದ 1601 ಶಿಶುಗಳ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಇದೇ ಬೆಳಕಿನಿಂದ ಮೆದುಳಿನ ಆಮ್ಲಜನಕವನ್ನು ನೋಡುತ್ತಾ ಚಿಕಿತ್ಸೆ ಕೊಟ್ಟರೂ ಸಾವು ಅಥವಾ ತೀವ್ರ ಮೆದುಳು ಹಾನಿ ಕಡಿಮೆಯಾಗಲಿಲ್ಲ.

ಕುಟುಂಬಗಳಿಗೆ ಕೆಲವು ಸಲಹೆ

• ಮಗುವಿನ ಹಣೆಗೆ ಇಂತಹ ಪಟ್ಟಿ ಅಂಟಿಸಿದರೆ ಹೆದರಬೇಡಿ. ಏನನ್ನು ನೋಡುತ್ತಿದ್ದಾರೆ, ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ.

• ಬಟ್ಟೆಯ ಮೇಲಿಂದ ಅಳೆಯಲಾಗದು. ಹಣೆಯ ಭಾಗಕ್ಕಷ್ಟೇ ಆದರೆ ಸ್ಕಾರ್ಫ್ ತುಸು ಹಿಂದೆ ಸರಿಸಿದರೆ ಸಾಕು. ಇಡೀ ತಲೆಗೆ ಬೇಕಾದರೆ ಮಹಿಳಾ ಸಿಬ್ಬಂದಿ ಬೇಕೆಂದು ಮೊದಲೇ ತಿಳಿಸಿ.

• ಸಂಶೋಧನೆಗೆ ಮಗುವನ್ನು ಸೇರಿಸಿಕೊಳ್ಳುವುದಾದರೆ ಒಪ್ಪಿಗೆ ಪತ್ರವನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ಬೇಡವೆನ್ನುವ ಹಕ್ಕು ನಿಮಗಿದೆ.

• ಮಗು ಕರೆದರೆ ತಿರುಗದಿದ್ದರೆ, ಸದ್ದಿಗೆ ಬೆಚ್ಚದಿದ್ದರೆ, ಮಾತು ತಡವಾದರೆ ಯಾವ ಹೊಸ ಯಂತ್ರಕ್ಕೂ ಕಾಯಬೇಡಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ.

• ಹುಟ್ಟಿದ ದಿನದಿಂದಲೇ ಮಗುವಿನೊಂದಿಗೆ ಮಾತಾಡಿ. ಮನೆಮಾತು ಬ್ಯಾರಿಯಾಗಲಿ, ಉರ್ದುವಾಗಲಿ, ಕನ್ನಡವಾಗಲಿ, ಹಾಲೂಡಿಸುವಾಗ, ಸ್ನಾನ ಮಾಡಿಸುವಾಗ ಆಡುವ ನಾಲ್ಕು ಮಾತಿಗೆ ಖರ್ಚಿಲ್ಲ. ಕೇಳುವ ಕೆಲಸವನ್ನು ಆ ಪುಟ್ಟ ಮೆದುಳು ಆಗಲೇ ಶುರುಮಾಡಿರುತ್ತದೆ.